ಹಡಗಿನ ನಾಣ್ಯದ ಡಬ್ಬಿ

ಮಾರ್ಚ್ 3, ಮಂಗಳವಾರ

ಬೆಳಿಗ್ಗೆಯಿಂದ ವಾಚುಗಳಿಗೆ ಸೆಲ್ ಹಾಕಿದ್ದೇ ಹಾಕಿದ್ದು. ಅಣ್ಣ ಆ ಕಡೆಯ ಟೇಬಲ್ಲಿನಲ್ಲಿ ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಯಾವುದೋ ಮುತ್ತಾತನ ಕಾಲದ ಗಡಿಯಾರ ಬಿಚ್ಚಿಕೊಂಡು ಕೂತಿದ್ದಾನೆ. ಕರೆದರೆ ಹೂಂ ಅನ್ನುತ್ತಾನೆ. ಕೇಳಿಸಿರುವುದಿಲ್ಲ.

ರಿಪೇರಿ ಅವನದು, ಸೆಲ್ಲು ಮತ್ತು ಹಳೇ ನಾಣ್ಯದ ವ್ಯಾಪಾರ ನನ್ನದು. ಮಧ್ಯಾಹ್ನ ಒಬ್ಬಾಕೆ ಅಜ್ಜನ ಬೆಳ್ಳಿ ನಾಣ್ಯಗಳನ್ನು ಹಳೇ ಕಾಲುಚೀಲದಲ್ಲಿ ತುಂಬಿಕೊಂಡು ಬಂದಳು. ಒಂದೆರಡು ನಿಜಕ್ಕೂ ಅಪರೂಪದವು. ಕರಗಿಸಬೇಡಿ ಎಂದೆ. "ಬೆಳ್ಳಿ ರೇಟ್ ನೋಡಿದೀರಾ ಮೇಡಂ? ತೂಕಕ್ಕೇ ಕೊಟ್ಬಿಡ್ತೀನಿ" ಎಂದು ಎದುರಿನ ಆಭರಣದಂಗಡಿಗೆ ನಡೆದೇಬಿಟ್ಟಳು. ಈಗ ಇರುವುದು ಎರಡೇ ಜಾತಿ. ಕರಗಿಸುವವರು, ಇಲ್ಲವೇ ಡಬ್ಬಿ ಕೊಳ್ಳುವವರು. ಕಂಪನಿಯವರು ಪರೀಕ್ಷೆ ಮಾಡಿ, ಎಪ್ಪತ್ತಕ್ಕೆ ಇಷ್ಟು ಎಂದು ನಂಬರ್ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿದರೆ ಮುಗಿಯಿತು. ಫೋನಿನಲ್ಲಿ ನಂಬರ್ ನೋಡಿ ಕೊಳ್ಳುತ್ತಾರೆ. ನಾಣ್ಯ ನೋಡುವವರು ಯಾರು?

ಮಾರ್ಚ್ 5, ಗುರುವಾರ

ಓನರ್ ಬಂದಿದ್ದರು. ಕಟ್ಟಡ ಮಾರುತ್ತಾರಂತೆ. ನಮ್ಮ ಅಂಗಡಿಯನ್ನು ನಾವೇ ಕೊಂಡರೆ ಸರಿ, ಏಪ್ರಿಲ್ ಮುಗಿಯುವುದರೊಳಗೆ ಹೇಳಬೇಕು. ಇಲ್ಲದಿದ್ದರೆ ಮೊಬೈಲ್ ಶೋರೂಮಿನವರು ಬಾಯಿ ತೆರೆದುಕೊಂಡು ಕಾದಿದ್ದಾರೆ. ಎರಡು ಸಂಸಾರದ ಅನ್ನ ಈ ಗೂಡಿನಿಂದಲೇ.

ಅಣ್ಣ ಲೆನ್ಸ್ ತೆಗೆಯದೆಯೇ ಹೇಳಿದ. "ಹಡಗು ಮಾರ್ಬಿಡೋಣ ಪುಟ್ಟಿ."

ಹಡಗು ಎಂದರೆ ಹಡಗಿನ ಚಿತ್ರವಿರುವ ಅಪ್ಪನ ಬೆಳ್ಳಿ ನಾಣ್ಯ. ಅಪ್ಪ ಬಿಟ್ಟುಹೋದದ್ದು ಅದೊಂದೇ, ಇಬ್ಬರಿಗೂ ಸೇರಿದ್ದು. ಹಸಿರು ಚೀಟಿಯ ಹಳೇ ಡಬ್ಬಿ. ನಂಬರ್ 63. ಇವತ್ತಿನ ರೇಟಿಗೆ ಅಂಗಡಿಯ ಅರ್ಧ ಬರುತ್ತದೆ. 64 ಆಗಿದ್ದರೆ ಇಡೀ ಅಂಗಡಿ. ಒಂದು ನಂಬರಿಗೆ ಅಷ್ಟು ವ್ಯತ್ಯಾಸ, ಹುಚ್ಚು ಸಂತೆ!

ಮಾರ್ಚ್ 8, ಭಾನುವಾರ, ಸಂಜೆ

ಮಾಡಿಬಿಟ್ಟೆ. ಎಷ್ಟು ಸಲ ನೋಡಿದರೂ ಅದು 64ರ ನಾಣ್ಯವೇ. ಡಬ್ಬಿಯಲ್ಲೇ ಕಳಿಸಿದರೆ ಹಳೇ ನಂಬರ್ ನೋಡಿ ಅದನ್ನೇ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಈ ಧಂದೆಯಲ್ಲಿ ಎಲ್ಲರೂ ಮಾಡುವುದೇ — ಡಬ್ಬಿ ಒಡೆದು, ಬರೀ ನಾಣ್ಯ ಕಳಿಸುವುದು.

ಕಟಿಂಗ್ ಪ್ಲೇಯರ್‌ನಲ್ಲಿ ಮೂಲೆ ಹಿಡಿದು ಒತ್ತಿದೆ. ಚಟ್ ಎಂದಿತು. ನಾಣ್ಯಕ್ಕೆ ಏನೂ ಆಗಲಿಲ್ಲ. ಚೂರು, ಚೀಟಿ ಎಲ್ಲ ಅಂಗಡಿಯ ಕಸದ ಬುಟ್ಟಿಗೆ. ಅಣ್ಣನಿಗೆ ಹೇಳಿಲ್ಲ. 64 ಬಂದ ಮೇಲೆ ಮುಖದ ಮುಂದೆ ಹಿಡಿಯುತ್ತೇನೆ, ಆಗ ಲೆನ್ಸ್ ತೆಗೆಯಲಿ.

ಏಪ್ರಿಲ್ 21, ಮಂಗಳವಾರ

ಕಳಿಸಿದ ನಾಣ್ಯ ವಾಪಸ್ ಬಂತು. ಡಬ್ಬಿಯೇ ಇಲ್ಲ. ಬರೀ ಕವರು. "ಹಿಂದೆ ಯಾವಾಗಲೋ ಉಜ್ಜಿ ಒರೆಸಿದ ಗೆರೆಗಳಿವೆ. ನಂಬರ್ ಕೊಡಲಾಗದು."

ಏಪ್ರಿಲ್ 22

ಅಂಗಡಿಗೆ ಹೋಗಲಿಲ್ಲ. ಜ್ವರ ಎಂದೆ. ಅತ್ತಿಗೆ ಗಂಜಿ ಕಳಿಸಿದ್ದಾಳೆ, ಹಾಗೇ ಮುಚ್ಚಿಟ್ಟಿದ್ದೇನೆ.

ದೀಪದ ಕೆಳಗೆ ಓರೆ ಮಾಡಿ ನೋಡಿದೆ. ಇವೆ. ಕೂದಲಿಗಿಂತ ಸಣ್ಣ ಗೆರೆಗಳು, ಹಡಗಿನ ಪಟದ ಮೇಲೆ ಒಂದೇ ದಿಕ್ಕಿಗೆ. ಅಪ್ಪ. ಡಬ್ಬಿಗೆ ಹಾಕಿಸುವ ಮೊದಲು, ಭಾನುವಾರ ಬಂತೆಂದರೆ ಹಡಗನ್ನು ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಿದ್ದರಲ್ಲ! ನಾವಿಬ್ಬರೂ ಜಗಳವಾಡುತ್ತಿದ್ದೆವು, ನಾನು ಊದುತ್ತೇನೆ, ನಾನು ಊದುತ್ತೇನೆ ಎಂದು. ಆಗಿನ ಪರೀಕ್ಷೆಯವರು ಗಮನಿಸಿರಲಿಲ್ಲ, ಇಲ್ಲವೇ ಕಂಡೂ ಬಿಟ್ಟಿದ್ದರು. ಈಗಿನವರು ಬಿಡುವುದಿಲ್ಲ. ಡಬ್ಬಿಯೊಳಗಿದ್ದಷ್ಟು ದಿನ ಯಾರೂ ಕೇಳುತ್ತಿರಲಿಲ್ಲ. ನನಗೇನು ತಲೆ ಕೆಟ್ಟಿತ್ತೇ?

ಏಪ್ರಿಲ್ 25, ಶನಿವಾರ

ಫೋನಿನಲ್ಲಿ ಹರಾಜು. ಅಣ್ಣ ಪಕ್ಕದಲ್ಲೇ ಸ್ಟೂಲ್ ಎಳೆದುಕೊಂಡು ಕೂತ. ಇನ್ನೊಂದು ಹಡಗು ಬಂತು, ನಮ್ಮದಕ್ಕಿಂತ ಸವೆದದ್ದು. ನಂಬರ್ 62. ಹಸಿರು ಚೀಟಿಯ ಹಳೇ ಡಬ್ಬಿ.

ಏರಿತು. ನಿಂತೀತು ಅಂದುಕೊಂಡೆ, ಮತ್ತೆ ಏರಿತು. ನಮ್ಮ ಇಡೀ ಅಂಗಡಿಯ ಬೆಲೆ ದಾಟಿತು. ನನ್ನ ಹಳೇ ಗಿರಾಕಿ ಹಲ್ಲು ಡಾಕ್ಟ್ರಿಗೆ ಫೋನ್ ಮಾಡಿ ಕೇಳಿದೆ, ಯಾಕೆ ಇಷ್ಟು?

"ಹಳೇ ಹಸಿರು ಡಬ್ಬಿಗೇ ಈಗ ಕ್ರೇಜು ಕಣಮ್ಮ. ನಾಣ್ಯ ಒಳಗೆ ಹೆಂಗಾದ್ರೂ ಇರ್ಲಿ. ನಿಮ್ಮ ಹತ್ರ ಒಂದಿತ್ತಲ್ಲ? ಸೋಮವಾರ ಹನ್ನೊಂದಕ್ಕೆ ಬರ್ತೀನಿ. ನಂಗೆ ಇದೆಲ್ಲ ಗೊತ್ತಾಗಲ್ಲ, ನೀವು ಸರಿ ಅಂದ್ರೆ ಸರಿ."

ಫೋನ್ ಸ್ಪೀಕರಿನಲ್ಲಿತ್ತು. ಅಣ್ಣ ಕೇಳಿಸಿಕೊಂಡ. ನನ್ನ ತಲೆ ಸವರಿ ತನ್ನ ಟೇಬಲ್ಲಿಗೆ ಹೋದ. ಹೇಳಬೇಕು. ನಾಳೆ ಹೇಳುತ್ತೇನೆ.

ಏಪ್ರಿಲ್ 27, ಸೋಮವಾರ, ಬೆಳಿಗ್ಗೆ 10:20

ನಿನ್ನೆ ಹೇಳಲಿಲ್ಲ. ಇವತ್ತು ಶಟರ್ ಎತ್ತಿದ ಕೂಡಲೇ ಹೇಳಿದೆ, ಒಂದೇ ಉಸಿರಿಗೆ. ಅತ್ತೂಬಿಟ್ಟೆ. ಅಣ್ಣ ಲೆನ್ಸ್ ತೆಗೆದ.

"ಗೊತ್ತು ಕಣೇ. ಮಾರ್ಚಲ್ಲೇ ಗೊತ್ತು. ಕಸದ ಬುಟ್ಟಿ ಯಾರು ಚೆಲ್ಲೋದು ಅಂದ್ಕೊಂಡೆ? ಚೂರೆಲ್ಲ ಎತ್ತಿಟ್ಟಿದ್ದೆ. ನಿನ್ನೆ ನಿಮ್ಮನೆಗೆ ಬಂದಾಗ ನೀನು ಮಲಗಿದ್ದೆ, ನಿನ್ನ ಚೀಲದಿಂದ ನಾಣ್ಯಾನೂ ತಗೊಂಡೆ."

ಡ್ರಾಯರ್ ಎಳೆದು ಮುಂದಿಟ್ಟ.

ಡಬ್ಬಿ. ಹಸಿರು ಚೀಟಿ. 63. ಒಳಗೆ ಹಡಗು. ಮೂಲೆ ಎಲ್ಲಿ ಒಡೆದಿದ್ದೆನೋ ನನಗೇ ಸಿಗಲಿಲ್ಲ. ನನ್ನ ಲೆನ್ಸಿಗೂ ಸಿಗಲಿಲ್ಲ. ವಾಚಿನ ಗಾಜು ಕೂರಿಸುವ ಕೈ ಅದು. ಜೀವಮಾನದಲ್ಲಿ ಒಬ್ಬರ ವಾಚಿಗೂ ಸುಳ್ಳು ಪಾರ್ಟ್ ಹಾಕದ ನನ್ನ ಅಣ್ಣ.

"ಇದು ಮೋಸ ಕಣೋ."

"ನಾಣ್ಯ ಅಪ್ಪಂದು. ಚೀಟಿ ಕಂಪನಿಯವರದ್ದೇ. ಡಬ್ಬಿನೂ ಅದೇ. ಏನು ಮೋಸ?" ಅಣ್ಣ ಡಬ್ಬಿಯನ್ನು ನನ್ನ ಕಡೆ ತಳ್ಳಿದ. "ಅಪ್ಪ ಪ್ರೀತಿಯಿಂದ ಒರೆಸಿದ್ದಕ್ಕೆ ನಾವು ಬೀದಿಗೆ ಬೀಳಬೇಕಾ?"

ನಿಜ ಬರೆಯುತ್ತೇನೆ, ಆ ಡಬ್ಬಿ ನೋಡಿ ಮೊದಲು ನನಗಾದದ್ದು ಸಂತೋಷ. ಅದೇ ಹೆದರಿಕೆ. ಡಾಕ್ಟ್ರು ಸರಿಯಾ ಎಂದು ಕೇಳುವುದು ನನ್ನನ್ನೇ. ಹೂಂ ಅಂದುಬಿಡುತ್ತೇನೆ. ಇದು ಈ ಟೇಬಲ್ಲಿನ ಮೇಲೆ ಹೀಗೇ ಇದ್ದರೆ ಖಂಡಿತ ಅಂದುಬಿಡುತ್ತೇನೆ.

10:50

ಹೊರಗೆ ಕಾರು ನಿಂತಿತು. ಬೇಗ ಬಂದಿದ್ದಾರೆ. ಅಣ್ಣ ಕುರ್ಚಿ ಒರೆಸುತ್ತಿದ್ದಾನೆ, ಅಂಗಿಯ ಚುಂಗಿನಿಂದ. ಥೇಟ್ ಅಪ್ಪ.

ಒಂದು ಕೈಯಲ್ಲಿ ಪೆನ್ನು, ಇನ್ನೊಂದರಲ್ಲಿ ಕಟಿಂಗ್ ಪ್ಲೇಯರ್. ಡಬ್ಬಿಯ ಮೂಲೆ ಹಿಡಿದಿದ್ದೇನೆ. ಅಣ್ಣ ಈ ಕಡೆ ತಿರುಗಿದ. ಬೇಡ ಅನ್ನು ಅಣ್ಣಾ, ಅಥವಾ ಬೇಡ ಅನ್ನಬೇಡ, ಒತ್ತುತ್ತಿದ್ದೇ—