ಉಡ ಹೊಕ್ಕ ಮನೆಯಿಂದ

ಘಾಟ್ಕೋಪರ್,
೮ ಅಕ್ಟೋಬರ್ ೧೯೫೪

ಅವ್ವಾ,

ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಆದರೂ ನಿನ್ನ ಪಾದಕ್ಕೆ ಹಣೆ ಹಚ್ಚಿಯೇ ಬರೆಯಲು ಕೂತಿದ್ದೇನೆ. ಪಕ್ಕದ ಮನೆಯ ಮುರಿಗೆಪ್ಪಣ್ಣ ಇದನ್ನು ನಿನಗೆ ಓದಿ ಹೇಳುವಾಗ ನಡುನಡುವೆ ನಗಬಾರದೆಂದು ಮೊದಲೇ ತಾಕೀತು ಮಾಡು. ನಾವು ಚೆನ್ನಾಗಿದ್ದೇವೆ. ನೀನು ಬೈದು ಬಿಟ್ಟುಹೋದ ಮನೆಯಲ್ಲೇ, ಬಹಳ ಚೆನ್ನಾಗಿದ್ದೇವೆ.

ನನ್ನನ್ನು ಹೆರಿಗೆಗೆ ಕರೆದೊಯ್ಯಲೆಂದು ಬಂದವಳು ನೀನು. ಹೊರಡುವ ಮುಂಚೆ ಆ ಉಡ ಹಿತ್ತಿಲ ಬಾಗಿಲಿನಿಂದ ಅಡುಗೆಮನೆಗೆ ಬಂದು ಹಿಟ್ಟಿನ ಡಬ್ಬಿಯ ಹಿಂದೆ ನಾಲಿಗೆ ಹೊರಳಿಸುತ್ತ ಕೂತಿತು. ನೀನು ಬಡಿಯುತ್ತಿದ್ದ ರೊಟ್ಟಿ ಬಿಟ್ಟು ಹೊರಗೆ ಓಡಿದೆ. "ಉಡ ಹೊಕ್ಕ ಮನ್ಯಾಗ ಮನಷ್ಯಾರು ಇರಬಾರದವ್ವಾ! ಕೀಲಿ ಹಾಕ್ರಿ, ಆರು ತಿಂಗಳು ಇಬ್ರೂ ಧಾರವಾಡಕ್ಕ ನಡೀರಿ" ಎಂದೆ. ನಾನು ಬರುತ್ತೇನೆ, ನಿನ್ನ ಅಳಿಯ ಇಲ್ಲೇ ಇರಲಿ ಎಂದರೆ ಅದಕ್ಕೂ ಒಪ್ಪಲಿಲ್ಲ. ಧಾರವಾಡದಲ್ಲಿ ಕೀಲಿ ಹಾಕಿದ ಮನೆ ನಮ್ಮದಾಗಿಯೇ ಇರುತ್ತದೆ. ಈ ಮುಂಬಯಿಯಲ್ಲಿ ಹಾಗಲ್ಲ ಅವ್ವಾ, ತಿರುಗಿ ಬರುವಷ್ಟರಲ್ಲಿ ಒಳಗೆ ಬೇರೆಯವರ ಪಾತ್ರೆ ಸಪ್ಪಳ ಕೇಳುತ್ತಿರುತ್ತದೆ. ಗ್ರಾಂಟ್ ರೋಡಿನ ಚಾಳಿನಲ್ಲಿ ನಳದ ಮುಂದೆ ಸಾಲು ನಿಂತು ನಿಂತು ಸಾಕಾದ ಮೇಲೆ ಈ ಬಿಲ್ಡಿಂಗಿನ ಕೆಳಅಂತಸ್ತಿನಲ್ಲಿ ಸಿಕ್ಕ ಎರಡು ಖೋಲಿ ಇವು, ಹಿಂದೆ ನನ್ನದೇ ಅನ್ನುವ ಒಂದು ತುಂಡು ಮಣ್ಣು. ಬಿಡುವುದಿಲ್ಲ ಎಂದೆ. "ಹಂಗಾರ ನಿನ್ನ ಹೊಸ್ತಿಲಾ ನಾ ತುಳಿಯೂದಿಲ್ಲ, ನನ್ನ ಹೊಸ್ತಿಲಾ ನೀ ತುಳೀಬ್ಯಾಡ" ಎಂದು ಗಂಟು ಕಟ್ಟಿಕೊಂಡು ಹೊರಟೇಬಿಟ್ಟೆ. ನಾನೂ ನಿನ್ನ ಮಗಳಲ್ಲವೇ, ತಡೆಯಲಿಲ್ಲ.

ಈಗ ಕೇಳು, ನಿನ್ನ ಆ ದರಿದ್ರ ಪ್ರಾಣಿ ಏನು ಮಾಡಿತೆಂದು. ಹೆಗ್ಗಣಗಳು ಗೋಡೆಯಡಿ ಬಿಲ ತೋಡಿ ನೀನು ತಂದ ಜೋಳದ ಚೀಲಕ್ಕೇ ಬಾಯಿ ಹಾಕಿದ್ದವಲ್ಲ? ಈಗ ಒಂದೂ ಇಲ್ಲ. ಉಡ ಬಿಲಕ್ಕೆ ಮೂತಿ ತೂರಿಸಿ ಮರಿಗಳನ್ನೆಲ್ಲ ನುಂಗಿತು. ಮಳೆ ನಿಂತ ಮೇಲೆ ನನ್ನ ಹಿತ್ತಿಲು ನೋಡಬೇಕು ನೀನು! ಪುಂಡಿಪಲ್ಯ ನನ್ನ ಸೊಂಟದೆತ್ತರ ಬಂದಿದೆ. ಬದನೆಗಿಡ ಕಾಯಿಯ ಭಾರಕ್ಕೆ ಬಾಗಿದೆ. ಪೇರಲ ಗಿಡಕ್ಕೆ ಗಿಳಿಗಳು ಬಂದು ಅರ್ಧ ತಿಂದು ಅರ್ಧ ಚೆಲ್ಲುತ್ತವೆ, ಬೈದರೆ ನಮ್ಮ ಅತ್ತಿಗೆಯ ಹಾಗೆ ತಿರುಗಿ ಬೈಯುತ್ತವೆ. ಮುಂಗುಸಿಯೊಂದು ಬೇಲಿ ನುಸುಳಿ ಬಂದು ನನ್ನನ್ನು ಕಂಡೊಡನೆ ಬಾಲ ಕೆದರಿ ಪರಾರಿ. ಉಡ ಮಾತ್ರ ಒಗೆಯುವ ಕಲ್ಲಿನ ಮೇಲೆ ಯಜಮಾನನಂತೆ ಬಿಸಿಲು ಕಾಯಿಸುತ್ತಿರುತ್ತದೆ. ನಾನು ಬಟ್ಟೆ ತಂದರೆ ನಿಧಾನಕ್ಕೆ ಇಳಿದು ಜಾಗ ಬಿಡುತ್ತದೆ. ಮೊದಮೊದಲು ನನಗೂ ಎದೆ ಝಲ್ಲೆನ್ನುತ್ತಿತ್ತು, ನಿನ್ನೆದುರು ತೋರಿಸಿಕೊಳ್ಳಲಿಲ್ಲ ಅಷ್ಟೇ.

ಪಕ್ಕದ ಮಾಲತಿಬಾಯಿ ಮರಾಠಿಯವರು. ಅವರಲ್ಲಿ ಇದಕ್ಕೆ ಘೋರಪಡ ಅನ್ನುತ್ತಾರೆ. ಹಗ್ಗ ಕಟ್ಟಿ ಬಿಟ್ಟರೆ ಕೋಟೆಯ ಗೋಡೆಯನ್ನೇ ಹತ್ತಿ ಸೈನಿಕರಿಗೆ ದಾರಿ ಮಾಡಿಕೊಟ್ಟ ಶೂರ ಪ್ರಾಣಿಯಂತೆ! ಕಂಡಾಗಲೆಲ್ಲ ಕೈಮುಗಿಯುತ್ತಾರೆ. "ಘಾಬರೂ ನಕೋ, ನಿನ್ನ ಹೊಟ್ಟೆಯಲ್ಲೂ ಶೂರನೇ ಇದ್ದಾನೆ" ಎಂದು ನನಗೆ ಧೈರ್ಯ ಹೇಳಿದರು. ಶೂರನಲ್ಲ, ಶೂರಳು ಬಂದಳು.

ನೋವು ಶುರುವಾದಾಗ ಇವರು ರೈಲ್ವೆ ಆಫೀಸಿನಲ್ಲಿದ್ದರು. ಮಾಲತಿಬಾಯಿಯೇ ಟಾಂಗಾ ತರಿಸಿ ಆಸ್ಪತ್ರೆಗೆ ಕರೆದೊಯ್ದರು. ನಾನು ಕೂಗಲೇ ಇಲ್ಲ. ಕೂಗಿದೆ, ಸುಳ್ಳೇಕೆ, ಅವ್ವಾ ಎಂದೇ ಕೂಗಿದೆ. ಎಲ್ಲರೂ ಹಾಗೇ ಕೂಗುತ್ತಾರೆಂದು ನರ್ಸಮ್ಮ ಹೇಳಿದಳು, ಅದಕ್ಕಾಗಿ ನೀನು ಉಬ್ಬಬೇಡ. ಕೂಸು ಹುಟ್ಟಿದ ಸುದ್ದಿ ತಿಳಿಸಿ ಇವರು ಬರೆದ ಕಾರ್ಡಿಗೆ ನೀನು ಉತ್ತರ ಹಾಕಿಸಲಿಲ್ಲ. ಇರಲಿ. ಕೂಸು ದುಂಡದುಂಡಗಿದೆ. ಮೂಗು ನಿನ್ನದೇ, ಸಿಟ್ಟು ಬಂದರೆ ತುದಿ ಕೆಂಪಾಗುತ್ತದೆ. ನನಗೆ ಬಾಣಂತನದ ಅಂಟಿನುಂಡಿ ಕಟ್ಟಿದ್ದು ಯಾರು ಗೊತ್ತೇ? ನಿನ್ನ ಅಳಿಯ! ಹಲ್ಲು ಮುರಿಯುವಷ್ಟು ಗಟ್ಟಿ, ಆದರೂ ಕಟ್ಟಿದರಲ್ಲ. ನಮ್ಮ ಓಣಿಯಲ್ಲಿ ಯಾರ ಅಳಿಯ ಇಷ್ಟು ಮಾಡಿದ್ದಾನೆ, ಹೇಳು. ಉಡ ಹೊಕ್ಕ ಮನೆಯಲ್ಲಿ ಯಾರಿಗೂ ಏನೂ ಆಗಲಿಲ್ಲ ಎಂದು ಅವರಿಗೆಲ್ಲ ತಿಳಿಸು.

ನಿನ್ನ ಹಟವನ್ನೇ ಹೊತ್ತು ಹುಟ್ಟಿದ
ಕಾಶವ್ವ

ತಾ.ಕ.: ಇದನ್ನು ಅತ್ತಿಗೆ ಹತ್ತಿರ ಇಲ್ಲದಾಗ ಓದಿಸಿಕೋ. ದೀಪಾವಳಿ ಪಾಡ್ಯದ ದಿನ ಕೂಸಿಗೆ ಹೆಸರಿಡುತ್ತೇವೆ. ಮಾಲತಿಬಾಯಿ ತಮ್ಮ ತೊಟ್ಟಿಲು ಕೊಡಲು ಬಂದರು. ಬೇಡ, ನಮ್ಮಲ್ಲಿ ತೊಟ್ಟಿಲು ತವರಿನಿಂದಲೇ ಬರಬೇಕು, ನಮ್ಮವ್ವ ಧಾರವಾಡದಿಂದ ಬಣ್ಣದ ತೊಟ್ಟಿಲು ಹೊರಿಸಿಕೊಂಡು ಬರುತ್ತಾಳೆ ಎಂದು ಇಡೀ ಬಿಲ್ಡಿಂಗಿಗೆ ಹೇಳಿಕೊಂಡು ಬಂದಿದ್ದೇನೆ. ದಿನಾ ಯಾರಾದರೊಬ್ಬರು, ಬಂತೇ ಎಂದು ಕೇಳುತ್ತಾರೆ. ನಾಳೆ ಬರುತ್ತದೆ ಅನ್ನುತ್ತೇನೆ. ಕೂಸು ಸೀರೆಯ ಜೋಳಿಗೆಯಲ್ಲಿ ಮಲಗಿದೆ. ಯಾವ ಗಾಡಿ ಎಂದು ತಿಳಿಸಿದರೆ ಇವರು ದಾದರ್ ಸ್ಟೇಷನ್ನಿಗೆ ಬರುತ್ತಾರೆ. ತೊಟ್ಟಿಲು ತರಲಾಗದಿದ್ದರೆ ಬರಿಗೈಯಲ್ಲಿ ಬಾ ಅವ್ವಾ, ಬಿಲ್ಡಿಂಗಿನವರಿಗೆ ನಾನು ಏನಾದರೂ ಹೇಳಿಕೊಳ್ಳುತ್ತೇನೆ.