ಪ್ಯಾರಿಸ್ಸಿನದಲ್ಲ, ಮೇಕನ್ನಿನ ಮುಲಾಮು

ಅಟ್ಲಾಂಟಾ
ಮಾರ್ಚ್ ೯, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಮೊಣಕಾಲು ನೋವು ಹೇಗಿದೆ? ಫೋನಿನಲ್ಲಿ ಕೇಳಿದರೆ ಮಾತು ಹಾರಿಸುತ್ತೀ, ಅದಕ್ಕೇ ಈ ಕಾಗದ. ಇನ್ನೊಂದು ಕಾರಣವೂ ಇದೆ. ಈಗ ಹೇಳಬೇಕಾದ್ದನ್ನು ನಿನ್ನ ದನಿ ಕೇಳುತ್ತಾ ಹೇಳುವ ಧೈರ್ಯ ನನಗಿಲ್ಲ.

ಗುರುವಾರ ಹೋಟೆಲಿನಲ್ಲಿ ನಡೆಯುವ ನಮ್ಮ ಕಪ್ಪು ಜನಾಂಗದ ವ್ಯಾಪಾರಿಗಳ ತಿಂಗಳ ಕೂಟಕ್ಕೆ ಹೋಗಿದ್ದೆ. ನಗಬೇಡ. ಕಾಗದದ ತಟ್ಟೆಯಲ್ಲಿ ಕೋಳಿಯ ರೆಕ್ಕೆ ಹಿಡಿದುಕೊಂಡು ಒಬ್ಬರಿಗೊಬ್ಬರು ಕಾರ್ಡು ಹಂಚಿದರೆ ಹೊಟ್ಟೆ ತುಂಬುತ್ತದೆಯೇ ಎಂದು ಕ್ರಿಸ್‌ಮಸ್ ಊಟದ ದಿನ ಚಿಕ್ಕಪ್ಪನ ಎದುರೇ ನನ್ನನ್ನು ಆಡಿಕೊಂಡವಳು ನೀನು. ಆದರೆ ಅಮ್ಮಾ, ದೊಡ್ಡ ಅಂಗಡಿಗಳ ಬಾಗಿಲನ್ನೂ ನಾನು ತಟ್ಟಿ ಬಂದಿದ್ದೇನೆ. ಒಂದು ಕಡೆ ಖರೀದಿ ನೋಡಿಕೊಳ್ಳುವ ಬಿಳಿಯ ಮಹಾಶಯ ನನ್ನ ಮುಲಾಮಿನ ಡಬ್ಬಿಯ ಮುಚ್ಚಳವನ್ನೂ ತೆಗೆಯದೆ, ಇಂಥ ಕೂದಲಿನವರು ಎಷ್ಟು ಜನ ಇದ್ದಾರು ಎಂದು ಕೇಳಿದ. ಈ ಕೂಟದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಬ್ಯಾಂಕಿನ ಕೆಲಸ ಬಿಟ್ಟು ಎಂಟು ತಿಂಗಳಾಯಿತು. ಬೇಸಿಗೆಯೊಳಗೆ ಒಬ್ಬ ದೊಡ್ಡ ಗಿರಾಕಿ ಸಿಗದಿದ್ದರೆ ಮತ್ತೆ ಆ ಗಾಜಿನ ಹಿಂದೆ ಹೋಗಿ ಕೂರಬೇಕು. ಅದಕ್ಕೇ ಕೂಟಕ್ಕೆ ಬರುವ ಮಿಸ್ ಒಪಲೀನ್ ಮೇಲೆ ಕಣ್ಣಿಟ್ಟಿದ್ದೆ. ಈ ಊರಲ್ಲಿ ಅವರವು ತಲೆಗೂದಲಿನ ಹನ್ನೊಂದು ಪಾರ್ಲರುಗಳಿವೆ.

ಈಗ ತಪ್ಪೊಪ್ಪಿಗೆ. ನೀನು ಹೇಳಿಕೊಟ್ಟ ತಲೆಯ ಮುಲಾಮನ್ನೇ ನಾನು ಮಾರುತ್ತಿದ್ದರೂ ಡಬ್ಬಿಯ ಮೇಲೆ ನಿನ್ನ ಹೆಸರಿಲ್ಲ. ನನ್ನ ಹೆಸರೇ, 'ಮೇಡಂ ಶಾನಿಸ್, ಪ್ಯಾರಿಸ್' ಎಂದು ಚಿನ್ನದ ಬಣ್ಣದ ಅಕ್ಷರಗಳಲ್ಲಿದೆ. ನಿನಗೆ ಕಳಿಸುವ ಡಬ್ಬಿಗಳಿಗೆ ಮಾತ್ರ ಆ ಲೇಬಲ್ ಅಂಟಿಸುತ್ತಿರಲಿಲ್ಲ. ಅಡುಗೆಮನೆಯಲ್ಲಿ ಕಾಸಿದ್ದು ಎಂದರೆ ಯಾರು ಕೊಳ್ಳುತ್ತಾರೆ ಎಂದುಕೊಂಡಿದ್ದೆ.

ನಮ್ಮ ಹಿರಿಯರ ಪದ್ಧತಿ ನಿನಗೆ ಗೊತ್ತು. ಮೊದಲು ಯಾರ ಪೈಕಿ, ಯಾವ ಚರ್ಚು, ವ್ಯಾಪಾರ ಆಮೇಲೆ. ಮಿಸ್ ಒಪಲೀನ್ ಕೂಡ ಅದನ್ನೇ ಕೇಳಿದರು. ನಾನು ಅದಕ್ಕೆ ಉತ್ತರ ಕೊಡದೆ, ಬಾಯಿಪಾಠ ಮಾಡಿಕೊಂಡು ಹೋಗಿದ್ದ ಪ್ಯಾರಿಸ್ಸಿನ ಕಥೆ ಒಪ್ಪಿಸಿದೆ. ಅವರು ಮುಚ್ಚಳ ತೆಗೆದು ಮೂಸಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು.

"ಪ್ಯಾರಿಸ್ಸೂ ಇಲ್ಲ, ಗೀರಿಸ್ಸೂ ಇಲ್ಲ," ಅಂದರು. "ಹರಳೆಣ್ಣೆಗೆ ಲವಂಗ ಹುರಿದು ಹಾಕೋಳು ಇಡೀ ಜಾರ್ಜಿಯಾದಲ್ಲಿ ಒಬ್ಳೇ, ಮೇಕನ್ನಿನ ಲುವೀನಿಯಾ. ನೀನು ಅವಳಿಗೆ ಏನಾಗ್ಬೇಕಮ್ಮ?"

ಮಗಳು ಎಂದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ಅವರು ಹೇಳಿದ್ದನ್ನು ನೀನು ನನಗೆ ಒಂದು ದಿನವೂ ಹೇಳಿಲ್ಲ. ಶನಿವಾರ ಶನಿವಾರ, ಮರುದಿನದ ಚರ್ಚಿಗೆಂದು, ನಿನ್ನ ಅಡುಗೆಮನೆಯಲ್ಲಿ ಏಳೆಂಟು ಹೆಂಗಸರು ಸರದಿ ಕಾಯುತ್ತಿದ್ದುದು ನನಗೂ ನೆನಪಿದೆ, ಅಲ್ಲಿ ಏನೇನು ನಡೆಯುತ್ತಿತ್ತೆಂದು ಮಾತ್ರ ತಿಳಿದಿರಲಿಲ್ಲ. ನೀನು ಗುಂಗುರು ಕೂದಲನ್ನು ನೇರ ಮಾಡುವ ಕಬ್ಬಿಣದ ಬಾಚಣಿಗೆಯನ್ನು ಒಲೆಯ ಮೇಲೆ ಕಾಯಿಸುತ್ತಾ, ಕಿವಿ ಸುಟ್ಟೀತೆಂದು ಹೆದರಿ ಕೂತವರನ್ನು ಪಕ್ಕದವಳ ಜೊತೆ ಮಾತಿಗೆ ಹಚ್ಚುತ್ತಿದ್ದೆಯಂತೆ. ಒಬ್ಬಳಿಗೆ ಅಲ್ಲೇ ಶಾಲೆಯಲ್ಲಿ ಕೆಲಸದ ಸುಳಿವು ಸಿಕ್ಕಿತು, ಇನ್ನೊಬ್ಬಳಿಗೆ ಬಾಡಿಗೆ ಮನೆ. ಮಿಸ್ ಒಪಲೀನ್‌ಗೆ ಮೊದಲ ಪಾರ್ಲರಿನ ಪಾಲುದಾರಳು ಸಿಕ್ಕಿದ್ದೂ ಅಲ್ಲೇ.

"ಈ ಕೂಟ ನಾವೇನೂ ಹೊಸದಾಗಿ ಕಂಡುಹಿಡಿದಿಲ್ಲ ಮಗಾ," ಅಂದರು. "ನಿಮ್ಮಮ್ಮನ ಅಡುಗೆಮನೆ ಸಾಲಲಿಲ್ಲ ಅಂತ ಹೋಟೆಲಿಗೆ ಬಂದಿದೀವಿ, ಅಷ್ಟೆ."

ಈ ಲೇಬಲ್ ಇರುವವರೆಗೆ ಒಂದು ಡಬ್ಬಿಯೂ ಬೇಡವಂತೆ. ನಿನ್ನ ಹೆಸರು ಬಂದರೆ ಹನ್ನೊಂದು ಪಾರ್ಲರಿಗೂ ಬೇಕಂತೆ. ಆದರೆ ಮೊದಲು ನಿನ್ನ ಒಪ್ಪಿಗೆ ಕೇಳಿ ಬರಬೇಕು.

ಅದಕ್ಕೇ ಕೇಳುತ್ತಿದ್ದೇನೆ. ನೀನು ಬೇಡವೆಂದರೆ ಬ್ಯಾಂಕಿಗೆ ಹೋಗುತ್ತೇನೆ, ಪ್ಯಾರಿಸ್ಸಿಗೆ ಮಾತ್ರ ಇನ್ನು ಹೋಗುವುದಿಲ್ಲ. ಮೂವತ್ತು ವರ್ಷ ಆ ಒಲೆಯ ಮುಂದೆ ನಿಂತು ಮೊಣಕಾಲು ಸವೆಸಿಕೊಂಡವಳ ಹೆಸರು ಹೇಳಲು ನಾಚಿದೆನಲ್ಲ, ಈಗ ಅದಕ್ಕೇ ನಾಚಿಕೆಯಾಗುತ್ತಿದೆ. ಕ್ಷಮಿಸು ಅಮ್ಮಾ.

ನಿನ್ನ ಕೈಯಲ್ಲಿ ತಲೆ ಬಾಚಿಸಿಕೊಂಡೇ ದೊಡ್ಡವಳಾದ
ಶಾನಿಸ್

ತಾ.ಕ.: ಕೂಟದಲ್ಲಿ ಎದೆಗೆ ಹೆಸರಿನ ಚೀಟಿ ಅಂಟಿಸುತ್ತಾರೆ. ಮುಂದಿನ ತಿಂಗಳಿಗೆಂದು ನಿನ್ನದನ್ನು ಮಿಸ್ ಒಪಲೀನ್ ಆಗಲೇ ತಮ್ಮ ಕೈಯಾರೆ ಬರೆದುಕೊಟ್ಟರು: 'ಲುವೀನಿಯಾ ಟಾರ್ವರ್, ಸ್ಥಾಪಕಿ.' ಲಕೋಟೆಯಲ್ಲಿ ಇಟ್ಟಿದ್ದೇನೆ. ನನ್ನ ಚೀಟಿಯಲ್ಲೂ 'ಸ್ಥಾಪಕಿ' ಎಂದಿತ್ತು. ಅಲ್ಲೇ ನಿಂತು ಅದನ್ನು ಹೊಡೆದುಹಾಕಿ 'ಲುವೀನಿಯಾಳ ಮಗಳು' ಎಂದು ಬರೆದುಕೊಂಡೆ. ಆಮೇಲೆ ಮೂವರು ಹುಡುಕಿಕೊಂಡು ಬಂದರು, ವ್ಯಾಪಾರದ ಮಾತಿಗಲ್ಲ, ನೀನು ಹೇಗಿದ್ದೀ ಎಂದು ಕೇಳಲು. ಮೊಣಕಾಲಿನ ವಿಷಯ ಸರಿಯಾಗಿ ಬರೆ. ಅವರಿಗೆಲ್ಲ ಹೇಳಬೇಕು.