ಅವತ್ತು ನಾನು ತಿರುಗಿ ನೋಡಲಿಲ್ಲ

ಕಾಲೇಜು ಹಾಸ್ಟೆಲ್, ಮೈಸೂರು
ಸೆಪ್ಟೆಂಬರ್ 18, ಗುರುವಾರ

ಮುನಿಸಿಕೊಂಡು ಕೂತಿರುವ ನನ್ನ ಅವ್ವನಿಗೆ ಮಗಳು ಧರಣಿ ಮಾಡುವ ಜೈಭೀಮ್.

ಒಂದೇ ಊರಿನಲ್ಲಿದ್ದುಕೊಂಡು ಅವ್ವನಿಗೆ ಕಾಗದ ಬರೆಯುವ ಮಗಳು ನಾನೊಬ್ಬಳೇ ಇರಬೇಕು. ಏನು ಮಾಡಲಿ, ನೀನು ಫೋನು ಎತ್ತುತ್ತಿಲ್ಲ. ಎತ್ತಿದರೂ ಈಗೀಗ ಫೋನಿನಲ್ಲಿ ಮಾತಾಡುವುದು ನನಗೆ ಸರಿಹೋಗುತ್ತಿಲ್ಲ, ಅದು ಇರಲಿ. ನಮ್ಮ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವ ಹರ್ಷಿತಾಳ ಮನೆಯೂ ಒಂಟಿಕೊಪ್ಪಲಿನಲ್ಲೇ. ಅವಳ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅವಳಿಗೊಂದು ಲೋಟ ಕಾಫಿ ಕೊಡು. ನನ್ನ ಮೇಲಿನ ಸಿಟ್ಟನ್ನು ಆ ಪಾಪದ ಹುಡುಗಿಯ ಮೇಲೆ ತೀರಿಸಿಕೊಳ್ಳಬೇಡ.

ಶನಿವಾರ ನೀನು ಗಿರಿಜಾಂಬಾ ಮೇಡಂ ಅವರನ್ನು ಕರೆದುಕೊಂಡು ನಮ್ಮ ಪ್ರಾಕ್ಟೀಸ್ ನೋಡಲು ಬಂದಿದ್ದೆಯಂತೆ. ಗೋಕುಲಂನ ಅವರ ಮನೆಯಲ್ಲಿ ಯೋಗ ಕಲಿಯಲು ಬರುವ ಫಾರಿನ್ನಿನವರಿಗೆ ಇಷ್ಟು ವರ್ಷ ಅಡುಗೆ ಮಾಡಿ ಹಾಕಿದವಳು ನೀನು, ಒಂದು ದಿನವಾದರೂ ಅವರಿಗೆ ಮಗಳನ್ನು ತೋರಿಸಬೇಕು ಎಂದು ಆಸೆಪಟ್ಟಿದ್ದೆ. ಬೇಲಿಯ ಪಕ್ಕ ನಿಂತು ನನ್ನ ಹೆಸರು ಹಿಡಿದು ಕೂಗಿದೆಯಂತೆ. ನಾನು ಕಲ್ಲಿನ ಹಾಗೆ ನಿಂತಿದ್ದೆನಂತೆ. ಮನೆಗೆ ಹೋಗಿ ಅಶೋಕಣ್ಣನ ಹತ್ತಿರ “ಸೊಕ್ಕು ಬಂದ್ಬುಟ್ಟದೆ ಕಣೋ ಅವ್ಳಿಗೆ, ಯೂನಿಫಾರಂ ಆಕ್ಕೊಂಡ್ಮೇಲೆ ಅವ್ವ ಕಾಣ್ತಾಳಾ” ಅಂದೆಯಂತೆ. ಅಣ್ಣ ಅದನ್ನು ಒಂದಕ್ಷರ ಬಿಡದೆ ನನಗೆ ಮೆಸೇಜ್ ಮಾಡಿದ್ದಾನೆ. ಓದಿ ಅತ್ತೆ. ಆಮೇಲೆ ನಿನ್ನ ಮೇಲೆ ಸಿಟ್ಟೂ ಬಂತು.

ಅವ್ವ, ಬ್ಯಾಂಡಿನಲ್ಲಿ ಒಂದು ನಿಯಮವಿದೆ. ಸಾಲಿನಲ್ಲಿ ನಿಂತ ಮೇಲೆ ಕಣ್ಣು ಮುಂದಕ್ಕೇ ಇರಬೇಕು. ನಮಗೆ ಕಲಿಸುವ ಮಹೇಶ್ ಸಾರ್ ಮಿಲಿಟರಿ ಬ್ಯಾಂಡಿನಲ್ಲಿದ್ದವರು. ಮೂಗಿನ ಮೇಲೆ ನೊಣ ಕೂತರೂ ಓಡಿಸುವ ಹಾಗಿಲ್ಲ ಅನ್ನುತ್ತಾರೆ. ಇನ್ನು ಅವ್ವ ಕೂಗಿದಳು ಎಂದು ತಿರುಗಿದರೆ ಬಿಟ್ಟಾರೆಯೇ? ಅದಕ್ಕೇ ತಿರುಗಲಿಲ್ಲ ಎಂದುಕೋ. ಮೇಡಂ ಅವರಿಗೂ ಹಾಗೇ ಹೇಳು.

ಇಲ್ಲಿ ಪ್ರಾಕ್ಟೀಸ್ ಅಂದರೆ ನೀನು ಅಂದುಕೊಂಡ ಹಾಗೆ ಠೀವಿಯಿಂದ ನಡೆಯುವುದಲ್ಲ. ವಿಜಯದಶಮಿಯ ಮೆರವಣಿಗೆ ಹತ್ತಿರ ಬಂದ ಹಾಗೆ ಬೆಳಿಗ್ಗೆಯೂ ಇದೆ, ಮಧ್ಯಾಹ್ನವೂ ಇದೆ. ಡ್ರಮ್ಮಿನ ಪಟ್ಟಿ ಬಲಭುಜದ ಮೇಲೆ, ಡ್ರಮ್ಮು ಎಡಸೊಂಟಕ್ಕೆ. ಹೆಜ್ಜೆ ಹಾಕಿದಾಗಲೆಲ್ಲ ಅದರ ಅಂಚು ತೊಡೆಗೆ ಬಡಿದು ಅಲ್ಲಿ ಕೈಯಗಲ ಹಸಿರುಗಟ್ಟಿದೆ. ಟಾರು ಕಾದು ಬೂಟಿನೊಳಗೆ ಹಿಮ್ಮಡಿ ಬೊಬ್ಬೆಯಾಗಿದೆ. ಮೈದಾನದ ಹತ್ತಿರ ನಮಗೊಂದು ಬಾತ್‌ರೂಮ್ ಇಲ್ಲ. ಮಧ್ಯದಲ್ಲಿ ಸಾಲು ಬಿಟ್ಟು ಹೋದರೆ ಎಲ್ಲರೆದುರು ಬೈಗುಳ. ಅದಕ್ಕೆ ಹುಡುಗಿಯರೆಲ್ಲ ಸೇರಿ ಒಂದು ಬುದ್ಧಿವಂತಿಕೆ ಮಾಡಿದೆವು, ಎದ್ದಾಗಿನಿಂದ ನೀರೇ ಕುಡಿಯದಿರುವುದು. ಅದರ ಫಲವಾಗಿ ಹೋದ ವಾರ ನಾನು ಬಿಸಿಲಿನಲ್ಲಿ ತಲೆತಿರುಗಿ ಬಿದ್ದೆ. ಹೆದರಬೇಡ, ಡ್ರಮ್ಮಿಗೆ ಏನೂ ಆಗಲಿಲ್ಲ. ಈಗ ನೀರು ಕುಡಿಯುತ್ತಿದ್ದೇನೆ.

ಮಳೆ ಬಂದ ದಿನ ಇನ್ನೂ ಕಷ್ಟ. ತಗಡಿನ ಶೆಡ್ಡಿನೊಳಗೆ ನಮ್ಮನ್ನೆಲ್ಲ ತುಂಬಿ ಬಾರಿಸಲು ಹೇಳುತ್ತಾರೆ. ನನ್ನ ಎಡಗಡೆಗೇ ಪ್ರೀತಿ ಎಂಬ ಹುಡುಗಿಯ ದೊಡ್ಡ ಹಿತ್ತಾಳೆ ತಾಳ. ಹತ್ತಿ ಇಟ್ಟುಕೊಂಡಿದ್ದೆ. “ಕಿವಿಗೆ ಹತ್ತಿ ಇಟ್ಕೊಂಡು ಮಲಗೋಕೆ ಬಂದಿದ್ದೀಯೇನಮ್ಮ” ಎಂದು ಸಾರ್ ತೆಗೆಸಿದರು. ಹೊರಗೆ ಬಂದ ಮೇಲೂ ತಲೆಯೊಳಗೆ ಕುಕ್ಕರ್ ಕೂಗುತ್ತಲೇ ಇರುತ್ತದೆ. ನೀನು ಬೆಳ್ಳುಳ್ಳಿ ಹಾಕಿ ಕಾಯಿಸಿ ಕೊಟ್ಟ ಕೊಬ್ಬರಿ ಎಣ್ಣೆ ಬಂತು. ಭುಜಕ್ಕೆ ಎಂದು ಹೇಳಿ ತರಿಸಿದ್ದೆನಲ್ಲ, ಅದು. ಉಪಯೋಗವಾಯಿತು ಎಂದು ಬರೆಯೋಣವೆಂದರೆ ಕೈ ಬರುತ್ತಿಲ್ಲ.

ಮಂಗಳವಾರ ಹರ್ಷಿತಾಳೇ ನನ್ನನ್ನು ಎಳೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದಳು. ಅವರು ನೋಡಿ, ಪರೀಕ್ಷೆ ಮಾಡಿಸಿ, ಡ್ರಮ್ಮು ಕೆಳಗಿಡು ಅಂದರು. ಎಷ್ಟು ದಿನ ಎಂದು ಕೇಳಿದರೆ, ಮೊದಲು ಇಡು, ದಿನ ಆಮೇಲೆ ಎಣಿಸೋಣ ಅಂದರು. ಸಾರ್‌ಗೆ ನಾನಿನ್ನೂ ಹೇಳಿಲ್ಲ. ಸೋಮವಾರ ಮೆರವಣಿಗೆಗೆ ಯಾರ್ಯಾರು ಎಂದು ಸಾಲು ಗಟ್ಟಿ ಮಾಡುತ್ತಾರೆ. ಅಷ್ಟರೊಳಗೆ ಇರುತ್ತೇನೋ ಬಿಡುತ್ತೇನೋ ಹೇಳಿಬಿಡಬೇಕು.

ಇಲ್ಲೇ ಅವ್ವ, ನನಗೆ ತಲೆಬುಡ ಗೊತ್ತಾಗುತ್ತಿಲ್ಲ. ತಾತ ಊರಿನಲ್ಲಿ ತಮಟೆ ಬಾರಿಸುತ್ತಿದ್ದರು, ಯಾರದೋ ಹಬ್ಬಕ್ಕೆ, ಯಾರದೋ ಸಾವಿಗೆ, ಕರೆದಲ್ಲಿಗೆ ಹೋಗಿ, ನಿಲ್ಲಿಸಿದ ಕಡೆ ನಿಂತು. ಬುದ್ಧನ ದೀಕ್ಷೆ ತೆಗೆದುಕೊಂಡ ದಿನ ಕೆಳಗಿಟ್ಟವರು ಮತ್ತೆ ಮುಟ್ಟಲಿಲ್ಲ. ನಾನು ಬ್ಯಾಂಡಿಗೆ ಸೇರುತ್ತೇನೆ ಅಂದಾಗ ನೀನೂ ಅಣ್ಣನೂ ಹಾರಾಡಿದಿರಿ. ತಾತ ಮಾತ್ರ “ಯಾರ್ ಕರೆದ್ರೂ ಓಗ್ಲೇಬೇಕಾ, ಇಲ್ಲಾ ನಿನ್ನಿಷ್ಟಾನಾ” ಎಂದು ಕೇಳಿದರು. ಎಂದಿನಂತೆ ಅವರ ಬಲಗಿವಿಗೆ ಬಾಯಿಟ್ಟು ನನ್ನಿಷ್ಟ ತಾತ ಎಂದು ಕಿರುಚಿದೆ. “ಅಂಗಾದ್ರೆ ಬಾರ್ಸು” ಅಂದರು. ಅಷ್ಟೇ.

ತಾತ ಕೆಳಗಿಟ್ಟದ್ದನ್ನು ನಾವೆಲ್ಲ ಧೈರ್ಯ ಅನ್ನುತ್ತೇವೆ. ನಾನು ಕೆಳಗಿಟ್ಟರೆ ಅದಕ್ಕೇನು ಹೆಸರು? ಊರಿನ ಬೀದಿಯಲ್ಲಿ ಬದಿಗೆ ಸರಿದು ನಿಂತವರ ಮೊಮ್ಮಗಳು ಮೆರವಣಿಗೆಯಲ್ಲಿ ಸಯ್ಯಾಜಿರಾವ್ ರಸ್ತೆಯ ನಟ್ಟನಡುವೆ ನಡೆಯುತ್ತಾಳೆ ಎಂದರೆ ಎದೆ ಉಬ್ಬುತ್ತದೆ. ಮರುಗಳಿಗೆಯೇ, ಹತ್ತಿ ತೆಗೆ ಅಂದರೆ ತೆಗೆದೆನಲ್ಲ, ಬಾತ್‌ರೂಮ್ ಇಲ್ಲ ಅಂದರೆ ನೀರು ಬಿಟ್ಟೆನಲ್ಲ, ಇದರಲ್ಲಿ ನನ್ನಿಷ್ಟ ಎಷ್ಟು ಉಳಿದಿದೆ ಎಂಬ ಅನುಮಾನ ಬರುತ್ತದೆ. ಬೆಳಿಗ್ಗೆ ಬಿಟ್ಟುಬಿಡೋಣ ಅನ್ನಿಸುತ್ತದೆ. ಮಧ್ಯಾಹ್ನ ಡ್ರಮ್ಮು ಹೆಗಲಿಗೆ ಹಾಕಿಕೊಂಡರೆ ಹಸಿವು, ನೋವು, ಎಲ್ಲ ಮರೆತುಹೋಗುತ್ತದೆ. ಹಾಳಾದ್ದು ಅಷ್ಟು ಚೆನ್ನಾಗಿರುತ್ತದೆ.

ಭಾನುವಾರ ಹಾಸ್ಟೆಲ್ ಗೇಟಿಗೆ ಬಾ. ಬೈಯುವುದಿದ್ದರೂ ಎದುರಿಗೇ ಬೈ. ನೀನು ಏನು ಹೇಳುತ್ತೀಯೋ ಗೊತ್ತಿಲ್ಲ, ನೀನು ಹೇಳಿದ್ದನ್ನು ಕೇಳುತ್ತೇನೋ ಅದೂ ಗೊತ್ತಿಲ್ಲ. ಆದರೂ ಬಾ.

ಸೊಕ್ಕಿಲ್ಲದ ನಿನ್ನ ಮಗಳು,
ಧರಣಿ

ತಾ.ಕ.: ಕಾಗದ ಮಡಿಸಿ ಅಂಟಿಸಿದ್ದೆ, ಮತ್ತೆ ಕಿತ್ತೆ. ಕಣ್ಣು ಮುಂದಕ್ಕೆ ಅನ್ನುವ ನಿಯಮವೇನೋ ನಿಜ. ಆದರೆ ಶನಿವಾರ ನೀನು ಬಂದಾಗ ನಮಗೆ ವಿರಾಮ ಕೊಟ್ಟಿದ್ದರು, ಒಂದು ವಾದ್ಯವೂ ನುಡಿಯುತ್ತಿರಲಿಲ್ಲ. ನೀನು ಕೂಗಿದಾಗ ಸಾಲಿನ ಹುಡುಗಿಯರೆಲ್ಲ ತಿರುಗಿದರಂತೆ. ನನಗೆ ಕೇಳಿಸಲಿಲ್ಲ ಅವ್ವ. ನೀನು ನನ್ನ ಎಡಗಡೆ ನಿಂತಿದ್ದೆ. ನಿನ್ನ ಎಣ್ಣೆಯನ್ನು ನಾನು ಬಿಟ್ಟುಕೊಂಡದ್ದೂ ಆ ಕಿವಿಗೇ, ಅದಕ್ಕೂ ಡಾಕ್ಟರ ಹತ್ತಿರ ಬೈಸಿಕೊಂಡೆ. ಆ ಕಿವಿ ಮತ್ತೆ ಕೇಳುತ್ತದೆಯೋ ಇಲ್ಲವೋ ಈಗಲೇ ಹೇಳಲಾಗದಂತೆ. ಡ್ರಮ್ಮು ಕೆಳಗಿಡಬೇಕಾದದ್ದು ಇನ್ನೊಂದು ಕಿವಿಯನ್ನು ಉಳಿಸಿಕೊಳ್ಳಲು. ತಾತನದು ವಯಸ್ಸಿನ ಕಿವುಡು ಎಂದುಕೊಂಡಿದ್ದೆವಲ್ಲ. ತಮಟೆ ಹಿಡಿಯುವುದೂ ಎಡಗೈಯಲ್ಲೇ. ಅವರಿಗೆ ಯಾವ ಕಿವಿ ಮೊದಲು ಹೋಯಿತು, ಒಮ್ಮೆ ಕೇಳು. ಯಾಕೆ ಎಂದು ಮಾತ್ರ ಹೇಳಬೇಡ. ಭಾನುವಾರ ಬಂದಾಗ ನನ್ನ ಬಲಗಡೆ ನಿಂತು ಕರೆ. ತಿರುಗಿ ನೋಡುತ್ತೇನೆ.